ಕೂನೂರಿನ ಕನ್ನಡ ಇಲಿ

ಇಲಿಗೆ ಊಟಕ್ಕೆ ಏನು ಬಡಿಸಬೇಕು ಎಂಬ ಪ್ರಶ್ನೆ ನಮ್ಮ ಮನೆತನದಲ್ಲಿ ಹಿಂದೆಂದೂ ಎದ್ದದ್ದಿಲ್ಲ. ಇಲಿಯ ಬಾಯಿಗೆ ಯಾವುದು ಬೀಳದಂತೆ ಕಾಯಬೇಕು ಎಂಬುದೇ ನಮ್ಮ ಹಿರಿಯರ ಚಿಂತೆಯಾಗಿತ್ತು. ಹಗೇವಿನ ರಾಗಿ, ಕಣಜದ ಬತ್ತ, ಅಟ್ಟದ ಮೇಲಿನ ಬೆಲ್ಲ, ಕೊನೆಗೆ ನಮ್ಮ ತಂದೆಯವರು ಕಟ್ಟಿಟ್ಟಿದ್ದ ಹಳೆಯ ಪಂಚಾಂಗಗಳು, ಎಲ್ಲದರಲ್ಲಿಯೂ ಇಲಿಗೆ ಪಾಲಿತ್ತು. ಆದರೆ ಕರೆದು ಮಣೆ ಹಾಕಿದವರು ಯಾರೂ ಇರಲಿಲ್ಲ. ಹೋದ ವರ್ಷ ಯುಗಾದಿ ಕಳೆದ ಮೇಲೆ ನನ್ನ ಮೊಮ್ಮಗ ತಂತಿಯ ಪಂಜರದಲ್ಲಿ ಎರಡು ಬಿಳಿಯ ಗಂಡಿಲಿಗಳನ್ನು ತಂದು ನಡುಮನೆಯಲ್ಲಿ ಇಟ್ಟಾಗ ಈ ಪ್ರಶ್ನೆ ಮೊದಲ ಸಲ ಹುಟ್ಟಿತು.

“ತಾತ, ಇವಕ್ಕೆ ಊಟಕ್ಕೆ ಏನು ಕೊಡೋದು?”

“ಕೊಡೋದೇನು ಬಂತು? ಬಾಗಿಲು ತೆಗೆದು ಬಿಡು, ಅವೇ ಹುಡುಕಿಕೊಳ್ಳುತ್ತವೆ” ಎಂದೆ. ಹುಡುಗ ನಗಲಿಲ್ಲ.

ನಮ್ಮ ಮನೆಯಾಕೆಗೆ ಮಾತ್ರ ಯಾವ ಸಂದೇಹವೂ ಇರಲಿಲ್ಲ. ಗಣಪತಿಗೆ ಆಗುವುದೆಲ್ಲ ಗಣಪತಿಯ ವಾಹನಕ್ಕೂ ಆಗುತ್ತದೆ ಎಂಬುದು ಆಕೆಯ ತರ್ಕ. ಹೀಗಾಗಿ ಕೊಬ್ಬರಿ, ಬೆಲ್ಲ, ಹುರಿಗಡಲೆಗಳ ಸಮಾರಾಧನೆ ನಡೆಯಿತು. ಹುಡುಗ ತನ್ನ ಬಿಸ್ಕತ್ತಿನಲ್ಲಿ ಪಾಲು ಕೊಟ್ಟ. ಸೊಸೆ ಮಿಕ್ಕ ಚಿತ್ರಾನ್ನ ಹಾಕಿದಳು. ಮೂರು ತಿಂಗಳಲ್ಲಿ ಇಲಿಗಳೆರಡೂ ಗುಂಡು ಬದನೆಕಾಯಿಯಂತಾದವು. ಪಂಜರದ ಏಣಿ ಹತ್ತುವುದನ್ನು ಒಂದು ಬಿಟ್ಟೇಬಿಟ್ಟಿತು. ಪಶುವೈದ್ಯರಲ್ಲಿಗೆ ಕರೆದೊಯ್ದಾಗ ಅವರು ಇಲಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಪರೀಕ್ಷೆಮಾಡಿ, ಸಿಹಿ, ಎಣ್ಣೆ ಬಂದ್ ಎಂದರು. ತವುಡು ತೆಗೆಯದ ಧಾನ್ಯ, ಮೊಳಕೆ ಬರಿಸಿ ಬೇಯಿಸಿದ ಕಾಳು, ದಿನವೂ ಒಂದಿಷ್ಟು ಸೊಪ್ಪು ತರಕಾರಿ, ವಾರಕ್ಕೊಮ್ಮೆ ಬೇಯಿಸಿದ ಮೊಟ್ಟೆಯ ಚೂರು, ಸದಾ ಶುದ್ಧವಾದ ನೀರು. ಗಂಡಿಲಿಯಾದ್ದರಿಂದ ಕಿತ್ತಳೆ ಬೇಡ, ಅದರ ಸಿಪ್ಪೆಯಲ್ಲಿರುವ ಒಂದು ವಸ್ತು ಗಂಡಿಲಿಗಳ ಮೂತ್ರಪಿಂಡಕ್ಕೆ ಆಗದು. ಮನೆಯಲ್ಲಿ ಕೆಲಸವಿಲ್ಲದವನು ನಾನೊಬ್ಬನೇ ಆದ್ದರಿಂದ ಈ ಪಾಕಶಾಲೆಯ ಅಧಿಕಾರ ನನ್ನ ಪಾಲಿಗೆ ಬಂದಿತು.

ವೈದ್ಯರು ಬರೆದುಕೊಟ್ಟ ಚೀಟಿಯನ್ನು ಮನೆಗೆ ತಂದು ಓದಿದಾಗ, ಇದೇ ಪಟ್ಟಿಯನ್ನು ಎಲ್ಲೋ ಹಿಂದೆ ಓದಿದ್ದೇನಲ್ಲ ಎನ್ನಿಸಿತು. ನಾನು ಇತಿಹಾಸದ ಮೇಷ್ಟರಾಗಿದ್ದವನು. ಅಶೋಕನ ಶಾಸನಗಳನ್ನೂ ಮೈಸೂರು ಯುದ್ಧಗಳನ್ನೂ ಮೂವತ್ತು ವರ್ಷ ಮಕ್ಕಳಿಗೆ ಹೇಳಿದವನಿಗೆ ಇಲಿಯ ಊಟದ ಪಟ್ಟಿ ಎಲ್ಲಿ ಸಿಕ್ಕೀತು? ಎರಡು ದಿನ ತಲೆ ಕೆರೆದುಕೊಂಡ ಮೇಲೆ ನೆನಪಾಯಿತು: ಕೂನೂರು! ಕೆಲಸದಲ್ಲಿದ್ದಾಗ ಗ್ರಂಥಾಲಯವೊಂದರಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ ಕಣ್ಣಿಗೆ ಬಿದ್ದಿದ್ದ ಹಳೆಯ ಉಪನ್ಯಾಸದ ಪುಸ್ತಕವೊಂದರಲ್ಲಿ ಏಳು ಬಗೆಯ ಇಲಿಗಳ ತೂಕವನ್ನು ಕೊಟ್ಟಿತ್ತು. ಅವುಗಳಲ್ಲಿ ಒಂದರ ಹೆಸರು ‘ಕ್ಯಾನರೀಸ್’, ಎಂದರೆ ಕನ್ನಡ ಇಲಿ. ಅಂದು ನಕ್ಕು ಪುಟ ಮಗುಚಿದ್ದೆ. ಈಗ ಆ ಇಲಿಯ ಕಥೆಯನ್ನು ಮೊದಲಿನಿಂದ ಓದಿಕೊಂಡೆ. ವಾಚಕರೊಡನೆ ಅದನ್ನು ಹಂಚಿಕೊಳ್ಳುವುದಕ್ಕಾಗಿ ಈ ಬರೆಹ.

ಇಲಿಯನ್ನು ಸಾಕುವ ಹವ್ಯಾಸ ನಮ್ಮ ಹುಡುಗರು ಹೊಸದಾಗಿ ತಂದುಕೊಂಡ ಹುಚ್ಚೇನೂ ಅಲ್ಲ. ಜಪಾನಿನಲ್ಲಿ ಬಣ್ಣಬಣ್ಣದ ಇಲಿಗಳನ್ನು ಬೆಳೆಸುವ ಕ್ರಮವನ್ನು ತಿಳಿಸುವ ಪುಸ್ತಕ 1787ರಷ್ಟು ಹಿಂದೆಯೇ ಅಚ್ಚಾಗಿದೆ. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಜ್ಯಾಕ್ ಬ್ಲ್ಯಾಕ್ ಎಂಬ ಇಲಿ ಹಿಡಿಯುವವನೊಬ್ಬನಿದ್ದ. ಹಿಡಿದ ಇಲಿಗಳಲ್ಲಿ ವಿಚಿತ್ರ ಬಣ್ಣದವನ್ನು ಕೊಲ್ಲದೆ ಸಾಕಿ, ಮರಿಮಾಡಿಸಿ, ಮಾರುತ್ತಿದ್ದ. ಇಂದು ಪ್ರಪಂಚದ ಪ್ರಯೋಗಶಾಲೆಗಳಲ್ಲಿರುವ ಬಿಳಿಯ ಇಲಿಯೂ ನಮ್ಮ ನಡುಮನೆಯ ಇಲಿಯೂ ಹೀಗೆ ಮನುಷ್ಯನ ಮೋಜಿನಿಂದ ಉಳಿದುಕೊಂಡ ಸಂತತಿಯೇ.

ತಿನ್ನುವ ವಿಷಯದಲ್ಲಿ ಇಲಿ ಮನುಷ್ಯನ ಹತ್ತಿರದ ನೆಂಟ. ನಾವು ತಿನ್ನುವುದನ್ನೆಲ್ಲ ಬಹುಮಟ್ಟಿಗೆ ಅದೂ ತಿನ್ನುತ್ತದೆ. ಕಾಳು, ಕಡ್ಡಿ, ಮಾಂಸ, ಹಾಲು, ಯಾವುದಕ್ಕೂ ಮಡಿಮೈಲಿಗೆಯಿಲ್ಲ. ಆದರೆ ಒಂದು ವ್ಯತ್ಯಾಸವುಂಟು. ಇಲಿಗೆ ವಾಂತಿಮಾಡಲು ಬರುವುದಿಲ್ಲ. ನುಂಗಿದ ವಿಷವನ್ನು ಹೊರಹಾಕುವ ದಾರಿಯೇ ಅದಕ್ಕಿಲ್ಲದ್ದರಿಂದ ಹೊಸ ತಿನಿಸೆಂದರೆ ಅದಕ್ಕೆ ಮಹಾ ಅನುಮಾನ. ನಾನು ಮೊದಲ ದಿನ ಬೇಯಿಸಿದ ದಂಟಿನ ಸೊಪ್ಪನ್ನು ಇಟ್ಟಾಗ ಎರಡೂ ಮೂಸಿದವು, ಒಂದು ಸಾಸಿವೆಯಷ್ಟನ್ನು ಕಚ್ಚಿತು, ದೂರ ಹೋಗಿ ಕುಳಿತಿತು. ಮಾರನೆಯ ದಿನ ಇನ್ನೊಂದು ಇಲಿ ಇದರ ಬಾಯಿಯನ್ನು ಮೂಸಿ ನೋಡಿ, ನೇರವಾಗಿ ಸೊಪ್ಪಿಗೆ ಬಾಯಿ ಹಾಕಿತು. ಜೊತೆಗಾರನ ಉಸಿರಿನ ವಾಸನೆಯಿಂದಲೇ ಯಾವುದು ತಿನ್ನಬಹುದಾದದ್ದು ಎಂಬುದನ್ನು ಇಲಿಗಳು ಕಲಿಯುತ್ತವೆಂದು ವಿಜ್ಞಾನಿಗಳು ಪರೀಕ್ಷೆ ಮಾಡಿ ತೋರಿಸಿದ್ದಾರೆ. ನೆರೆಮನೆಯವರು ಉಂಡದ್ದನ್ನು ನೋಡಿ ತಾವೂ ಉಣ್ಣುವ ಈ ಗುಣ ಇಲಿಗೆ ಮಾತ್ರವೇ ಇದೆಯೆಂದು ನಾನು ಹೇಳಲಾರೆ.

ಈ ಇಲಿ ಪಂಕ್ತಿಯ ನಡುವೆ ಬಂದು ಕುಳಿತದ್ದು ಅಮೆರಿಕದ ವಿಸ್ಕಾನ್ಸಿನ್ ಎಂಬಲ್ಲಿ. ಅಲ್ಲಿಯ ಕೃಷಿ ಕಾಲೇಜಿನಲ್ಲಿ 1907ರಲ್ಲಿ ಒಂದು ಪರೀಕ್ಷೆಗೆ ತೊಡಗಿದ್ದರು. ಹದಿನಾರು ಕಡಸುಗಳನ್ನು ನಾಲ್ಕು ಗುಂಪು ಮಾಡಿ, ಒಂದಕ್ಕೆ ಬರೀ ಮುಸುಕಿನ ಜೋಳದ ಕಾಳು, ಸಿಪ್ಪೆ, ಸೊಪ್ಪೆ, ಇನ್ನೊಂದಕ್ಕೆ ಬರೀ ಗೋಧಿ, ಮತ್ತೊಂದಕ್ಕೆ ಓಟ್ಸ್, ಕೊನೆಯದಕ್ಕೆ ಮೂರರ ಮಿಶ್ರಣ. ಅಂದಿನ ರಸಾಯನಶಾಸ್ತ್ರದ ಲೆಕ್ಕದಲ್ಲಿ ನಾಲ್ಕೂ ಮೇವು ಸಮಾನ. ಆದರೆ ಜೋಳ ತಿಂದವು ಹೊಳೆಯುವ ಮೈಯಿಂದ ಗಟ್ಟಿಮುಟ್ಟಾದ ಕರು ಹಾಕಿದವು. ಗೋಧಿ ತಿಂದವುಗಳ ಕರುಗಳು ಬದುಕಲಿಲ್ಲ. ಏಕೆ ಹೀಗಾಯಿತು ಎಂಬುದನ್ನು ಕಂಡುಹಿಡಿಯಲು ಎಲ್ಮರ್ ಮೆಕಾಲಂ ಎಂಬ ತರುಣ ಅಲ್ಲಿ ಕೆಲಸಕ್ಕೆ ಸೇರಿದ. ಹಸುವನ್ನು ಪರೀಕ್ಷಿಸುವುದೆಂದರೆ ಅದು ಬೆಳೆಯಲು ವರ್ಷ, ಈಯಲು ವರ್ಷ, ಮೇವು ಬಂಡಿಗಟ್ಟಲೆ. ಅದೇ ಇಲಿಯಾದರೆ? ಮೂರು ವಾರಕ್ಕೆ ತಾಯಿಯ ಹಾಲು ಬಿಡುತ್ತದೆ, ಎರಡು ಮೂರು ವರ್ಷಕ್ಕೆ ಆಯುಸ್ಸೇ ಮುಗಿಯುತ್ತದೆ. ಆದರೆ ಮೇಲಿನವರು ಒಪ್ಪಲಿಲ್ಲ. ರೈತನ ಶತ್ರುವಿಗೆ ರೈತನ ಹಣದಲ್ಲಿ ಊಟ ಹಾಕುವುದುಂಟೆ? ಮೆಕಾಲಂ ಗುಟ್ಟಾಗಿ ಕೊಟ್ಟಿಗೆಯ ಇಲಿಗಳನ್ನು ಹಿಡಿದು ನೋಡಿದ. ಅವು ಕಚ್ಚಿ ಬೊಬ್ಬೆ ಹಾಕಿಸಿದವು. ಕೊನೆಗೆ ಷಿಕಾಗೋ ನಗರದಲ್ಲಿ ಸಾಕುಪ್ರಾಣಿ ಮಾರುವವನಿಂದ ಒಂದು ಡಜನ್ ಬಿಳಿಯ ಇಲಿಗಳನ್ನು ಕೊಂಡುತಂದ. ಹವ್ಯಾಸದ ಇಲಿ ಹೀಗೆ ಶಾಸ್ತ್ರದ ಇಲಿಯಾಯಿತು. 1913ರಲ್ಲಿ ಮೆಕಾಲಂ ಮತ್ತು ಮಾರ್ಗರೀಟ್ ಡೇವಿಸ್ ಎಂಬ ಮಹಿಳೆ, ಬೆಣ್ಣೆಯ ಜಿಡ್ಡಿನಲ್ಲಿಯೂ ಮೊಟ್ಟೆಯ ಹಳದಿಯಲ್ಲಿಯೂ ಇಲಿಯನ್ನು ಬೆಳೆಸುವ ಯಾವುದೋ ವಸ್ತುವಿದೆ, ಅದು ಹಂದಿಯ ಕೊಬ್ಬಿನಲ್ಲಿಯೂ ಆಲಿವ್ ಎಣ್ಣೆಯಲ್ಲಿಯೂ ಇಲ್ಲ ಎಂದು ತೋರಿಸಿದರು. ‘ಎ’ ಜೀವಸತ್ತ್ವ ಹೀಗೆ ಬೆಳಕಿಗೆ ಬಂದಿತು.

ಅದಕ್ಕೆ ಒಂದು ವರ್ಷ ಮುಂಚೆ ಇಂಗ್ಲೆಂಡಿನಲ್ಲಿ ಹಾಪ್ಕಿನ್ಸ್ ಎಂಬವರು ಶುದ್ಧಮಾಡಿದ ಪಿಷ್ಟ, ಕೊಬ್ಬು, ಹಾಲಿನ ಪ್ರೋಟೀನು, ಉಪ್ಪುಗಳನ್ನು ತಿಂದು ಸೊರಗುತ್ತಿದ್ದ ಇಲಿಮರಿಗಳಿಗೆ ದಿನಕ್ಕೆ ಅರ್ಧ ಚಮಚೆಯಷ್ಟು ಹಾಲು ಸೇರಿಸಿದ ಕೂಡಲೆ ಅವು ಮತ್ತೆ ಬೆಳೆಯತೊಡಗಿದುದನ್ನು ಪ್ರಕಟಿಸಿದ್ದರು. ಅವರಿಗೆ 1929ರಲ್ಲಿ ನೊಬೆಲ್ ಬಹುಮಾನ ಬಂದಿತು.

ಈಗ ನೀಲಗಿರಿಯ ಕೂನೂರಿಗೆ ಬರೋಣ.

ರಾಬರ್ಟ್ ಮೆಕ್ಯಾರಿಸನ್ ಹುಟ್ಟಿದ್ದು 1878ರಲ್ಲಿ, ಐರ್ಲೆಂಡಿನ ಉತ್ತರ ಭಾಗದಲ್ಲಿ. ವೈದ್ಯನಾಗಿ ಇಂಡಿಯನ್ ಮೆಡಿಕಲ್ ಸರ್ವೀಸಿಗೆ ಸೇರಿ ವಾಯವ್ಯ ಗಡಿಯ ಚಿತ್ರಾಲ್, ಗಿಲ್ಗಿಟ್ ಪ್ರದೇಶಗಳಲ್ಲಿ ವರ್ಷಗಟ್ಟಲೆ ಇದ್ದ. ಅಲ್ಲಿ ಗಳಗಂಡ ರೋಗದ ವಿಷಯವನ್ನು ಶೋಧಿಸುತ್ತ, ಹುಂಜಾ ಕಣಿವೆಯ ಜನರ ಆರೋಗ್ಯವನ್ನು ಕಂಡು ಬೆರಗಾದ. ಒಂದೇ ದೇಶದಲ್ಲಿ ಒಂದು ಕಡೆಯ ಜನ ಕಂಬದಂತೆ, ಇನ್ನೊಂದು ಕಡೆಯವರು ಕಡ್ಡಿಯಂತೆ ಇರುವುದಕ್ಕೆ ಕಾರಣವೇನು ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. ಕೂನೂರಿನ ಪಾಸ್ತ್ಯೂರ್ ಸಂಸ್ಥೆಯಲ್ಲಿ ಸ್ವಲ್ಪ ಜಾಗ ಪಡೆದು, ಮೊದಲು ಪಾರಿವಾಳಗಳಿಗೆ ಗಿರಣಿಯ ಬಿಳಿ ಅಕ್ಕಿ ತಿನ್ನಿಸಿ ಬೆರಿಬೆರಿ ರೋಗವನ್ನು ಅಭ್ಯಸಿಸಿದ; ಆಮೇಲೆ ಇಲಿಗಳಿಗೆ ಬಂದ. 1923ರಲ್ಲಿ ಸರ್ಕಾರ ಖರ್ಚು ಉಳಿಸುವ ನೆಪದಲ್ಲಿ ಅವನ ಕೆಲಸವನ್ನು ನಿಲ್ಲಿಸಿತು. ಎರಡು ವರ್ಷದ ಮೇಲೆ ಅದು ಮತ್ತೆ ನಡೆಯಿತು. ಅದೇ ಕ್ರಮೇಣ ಬೆಳೆದು ಪುಷ್ಟಿ ಸಂಶೋಧನಾಲಯವಾಯಿತು.

ಅಲ್ಲಿ ಸಂತತಿಗೆಂದು ಇಟ್ಟುಕೊಂಡಿದ್ದ ಇಲಿಗಳಿಗೆ ಮೆಕ್ಯಾರಿಸನ್ ಬಡಿಸುತ್ತಿದ್ದ ಊಟವನ್ನು ಕೇಳಿ: ತವುಡು ತೆಗೆಯದ ಗೋಧಿಹಿಟ್ಟಿನ ಚಪಾತಿ, ಅದಕ್ಕೆ ಸವರಿದ ಬೆಣ್ಣೆ, ಮೊಳಕೆ ಬಂದ ಕಡಲೆ, ಹಸಿಯ ಕೋಸು, ಹಸಿಯ ಗಜ್ಜರಿ, ಯಥೇಚ್ಛವಾಗಿ ಹಾಲು, ವಾರಕ್ಕೊಮ್ಮೆ ಮೂಳೆಯ ಸಮೇತ ಸ್ವಲ್ಪ ಮಾಂಸ, ನೀರು. ಪಂಜರಗಳಿಗೆ ಗಾಳಿ ಬೆಳಕು ಉಂಟು, ನೈರ್ಮಲ್ಯ ಉಂಟು. ಇದನ್ನು ಆತ ಸಿಖ್ಖರ ಊಟದ ಮಾದರಿಯಲ್ಲಿ ಏರ್ಪಡಿಸಿದ್ದ. ನಮ್ಮ ಪಶುವೈದ್ಯರ ಚೀಟಿ ನನಗೆ ಎಲ್ಲೋ ಓದಿದಂತೆ ಕಂಡದ್ದು ಇದರಿಂದಲೇ. ಈ ಊಟ ಉಂಡ ಇಲಿಗಳಲ್ಲಿ ಎರಡು ವರ್ಷಕ್ಕೂ ಮೀರಿದ ಅವಧಿಯಲ್ಲಿ ಕಾಯಿಲೆಯೆಂಬುದೇ ಕಾಣಲಿಲ್ಲ, ಬಾಣಂತಿಯರ ಸಾವಿಲ್ಲ, ಆಕಸ್ಮಿಕವಾಗಿ ಹೋದ ಕೆಲವನ್ನು ಬಿಟ್ಟರೆ ಮರಿಗಳ ಸಾವೂ ಇಲ್ಲ ಎಂದು ಆತ ವರದಿ ಮಾಡಿದ. ಪಕ್ಕದ ಪಂಜರಗಳಲ್ಲಿ, ಬೇರೆ ಬೇರೆ ಕೊರತೆಯ ಊಟ ತಿಂದ ಎರಡು ಸಾವಿರಕ್ಕೂ ಹೆಚ್ಚು ಇಲಿಗಳನ್ನು ಕೊಯ್ದು ನೋಡಿದಾಗ ಕಂಡ ರೋಗಗಳ ಪಟ್ಟಿಯನ್ನೂ ಕೊಟ್ಟಿದ್ದಾನೆ: ಶ್ವಾಸಕೋಶ, ಕಿವಿ, ಮೂಗು, ಕಣ್ಣು, ಜಠರದ ಹುಣ್ಣು, ಮೂತ್ರಕೋಶದ ಕಲ್ಲು... ಓದುತ್ತ ಹೋದರೆ ದೊಡ್ಡಾಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ನಿಂತ ಹಾಗಾಗುತ್ತದೆ.

ಇನ್ನು ಆ ಏಳು ಪಂಜರಗಳು. ಒಂದೇ ತಳಿಯ, ಒಂದೇ ವಯಸ್ಸಿನ, ಒಂದೇ ತೂಕದ ಎಳೆಯ ಇಲಿಗಳನ್ನು ಏಳು ಗುಂಪು ಮಾಡಿ, ಒಂದೊಂದು ಗುಂಪಿಗೆ ಹಿಂದೂಸ್ಥಾನದ ಒಂದೊಂದು ಜನದ ಊಟವನ್ನು ಅವರು ಬೇಯಿಸುವಂತೆಯೇ ಬೇಯಿಸಿ ಹಾಕಿದರು. ಸಿಖ್ಖರು, ಪಠಾಣರು, ಮರಾಠರು, ಗೂರ್ಖರು, ಕನ್ನಡಿಗರು, ಬಂಗಾಳಿಗಳು, ಮದರಾಸಿಗಳು. ಕೊನೆಗೆ ತೂಗಿ ನೋಡಿದಾಗ ಇಲಿಗಳು ನಿಂತದ್ದೂ ಇದೇ ಅನುಕ್ರಮದಲ್ಲಿ. ಸಿಖ್ಖ ಇಲಿ ಸರಾಸರಿ 235 ಗ್ರಾಂ. ಮದರಾಸಿ ಇಲಿ 155 ಗ್ರಾಂ. ನಮ್ಮ ಕನ್ನಡ ಇಲಿ 185 ಗ್ರಾಂ, ಏಳರಲ್ಲಿ ಐದನೆಯ ಸ್ಥಾನ. ಮದರಾಸಿಯ ತಟ್ಟೆಯಲ್ಲಿದ್ದದ್ದು ತೊಳೆದು ಬೇಯಿಸಿದ ಬಿಳಿ ಅಕ್ಕಿ, ಸ್ವಲ್ಪ ತೊಗರಿಬೇಳೆ, ಸ್ವಲ್ಪ ತರಕಾರಿ, ಮಸಾಲೆ, ತೆಂಗಿನಕಾಯಿ, ಚೂರು ಮಜ್ಜಿಗೆ, ಕಾಫಿ. ಅಡಿಕೆಯನ್ನೂ ಬಿಟ್ಟಿರಲಿಲ್ಲ! ಕಾಫಿ ಕುಡಿದು ಅಡಿಕೆ ಅಗಿಯುವ ಇಲಿಯನ್ನು ನೆನೆಸಿಕೊಂಡರೆ ನಗು ಬರುತ್ತದೆ. ಆದರೆ 155 ಎಂಬ ಅಂಕಿ ನಗುವನ್ನು ನಿಲ್ಲಿಸುತ್ತದೆ.

ಈ ಅಂಕಿಗಳ ಮಹತ್ತ್ವ ತಿಳಿಯಬೇಕಾದರೆ ಆ ಕಾಲದ ಇನ್ನೊಂದು ನಂಬಿಕೆಯನ್ನು ನೆನೆಯಬೇಕು. ಹಿಂದೂಸ್ಥಾನದಲ್ಲಿ ಯುದ್ಧಕ್ಕೆಂದೇ ಹುಟ್ಟಿದ ಕುಲಗಳು ಕೆಲವು, ಉಳಿದವರು ಹುಟ್ಟಾ ಪುಕ್ಕಲರು ಎಂದು ಬ್ರಿಟಿಷ್ ಸೇನಾಧಿಕಾರಿಗಳು ಸಿದ್ಧಾಂತ ಕಟ್ಟಿದ್ದರು. 1885ರಿಂದ 1893ರವರೆಗೆ ಇಡೀ ಸೇನೆಯ ದಂಡನಾಯಕನಾಗಿದ್ದ ರಾಬರ್ಟ್ಸ್ ಇದರ ದೊಡ್ಡ ಪ್ರತಿಪಾದಕ. ದಕ್ಷಿಣದವರನ್ನು ಬಿಟ್ಟು ಪಂಜಾಬು, ಗಡಿನಾಡು, ನೇಪಾಳಗಳಿಂದ ಸಿಪಾಯಿಗಳನ್ನು ಆರಿಸುವುದು ಆಗ ಬಲವಾಯಿತು. ಕ್ಲೈವನ ಕಾಲದಿಂದ ಕಂಪೆನಿಗೆ ರಾಜ್ಯ ಗೆದ್ದುಕೊಟ್ಟ ಮದರಾಸು ಸೇನೆಯಾಗಲಿ, ಅದೇ ಕಂಪೆನಿಯನ್ನು ನಡುಗಿಸಿದ ಹೈದರನ ಸವಾರರಾಗಲಿ ಯಾರಿಗೂ ಆಗ ನೆನಪಿಗೆ ಬರಲಿಲ್ಲ. ಮೆಕ್ಯಾರಿಸನ್ನನ ಪಟ್ಟಿಯಲ್ಲಿ ಮೊದಲ ನಾಲ್ಕು ಸ್ಥಾನ ಬಂದದ್ದು ಯಾರಿಗೆ ಎಂಬುದನ್ನು ಇನ್ನೊಮ್ಮೆ ನೋಡಿ: ಸಿಖ್ಖ, ಪಠಾಣ, ಮರಾಠ, ಗೂರ್ಖ. ನಾಲ್ಕೂ ಸೇನೆಯವರಿಗೆ ಪ್ರಿಯವಾದ ಕುಲಗಳೇ! ಮೇಲುನೋಟಕ್ಕೆ ಇಲಿಗಳೂ ಅಧಿಕಾರಿಗಳ ಕಡೆಗೆ ಸಾಕ್ಷಿ ನುಡಿದಂತೆ ಕಾಣುತ್ತದೆ.

ಆದರೆ ಪಂಜರದಲ್ಲಿದ್ದದ್ದು ಸಿಖ್ಖನ ರಕ್ತವಲ್ಲ, ಸಿಖ್ಖನ ಚಪಾತಿ. ಏಳೂ ಪಂಜರದ ಇಲಿಗಳು ಒಂದೇ ಕುಲದವು. ಮದರಾಸಿ ಇಲಿಯ ಅಣ್ಣ ಪಠಾಣ ಇಲಿಯಾಗಿದ್ದಿರಬಹುದು. ಕನ್ನಡ ಇಲಿಯ ಒಡಹುಟ್ಟು ಮರಾಠ ಇಲಿಯಾಗಿದ್ದಿರಬಹುದು. ತಟ್ಟೆ ಬದಲಾಯಿಸಿದ್ದರೆ ತೂಕವೂ ಬದಲಾಗುತ್ತಿತ್ತು. ಮೈಕಟ್ಟಿಗೆ ಕುಲಕ್ಕಿಂತ, ಹವೆಗಿಂತ ಊಟವೇ ಹೆಚ್ಚಿನ ಕಾರಣವೆಂದು ಮೆಕ್ಯಾರಿಸನ್ ಸ್ಪಷ್ಟವಾಗಿಯೇ ಹೇಳಿದ. 1936ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್ ಸಭೆಯಲ್ಲಿ ಈ ವಿಷಯವಾಗಿಯೇ ಉಪನ್ಯಾಸಮಾಲೆ ಕೊಟ್ಟ. ಆತನೇನು ನಮ್ಮ ಸ್ವಾತಂತ್ರ್ಯದ ಪಕ್ಷಪಾತಿಯಲ್ಲ. ಸರ್ಕಾರದ ದೊಡ್ಡ ಅಧಿಕಾರಿ, 1933ರಲ್ಲಿ ‘ಸರ್’ ಪದವಿ ಪಡೆದವನು. ಆದರೂ ಅವನ ಇಲಿಗಳು ಸರ್ಕಾರದ ಒಂದು ದೊಡ್ಡ ನಂಬಿಕೆಯನ್ನು ಬುಡದಲ್ಲಿ ಕಡಿದು ಹಾಕಿದವು. ಕಡಿಯುವುದು ಇಲಿಯ ಜನ್ಮಧರ್ಮ ತಾನೆ?

ನನ್ನ ತಕರಾರು ಇರುವುದು ಬೇರೆ ಕಡೆ. ಕನ್ನಡ ಇಲಿ ಎಂದರೆ ಯಾವ ಕನ್ನಡದ ಇಲಿ? ಧಾರವಾಡದ ಕಡೆಯ ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ ತಿಂದ ಇಲಿಯೆ? ಮಂಗಳೂರಿನ ಕಡೆಯ ಕುಚ್ಚಲಕ್ಕಿ ಗಂಜಿ, ಮೀನು ತಿಂದದ್ದೆ? ಮಂಡ್ಯದ ಮುದ್ದೆ, ಸೊಪ್ಪಿನ ಬಸ್ಸಾರು ತಿಂದದ್ದೆ? ಅಥವಾ ಪೇಟೆಯ ಹೋಟೆಲಿನಲ್ಲಿ ಇಡ್ಲಿ ತಿಂದು ಕಾಫಿ ಕುಡಿದದ್ದೆ? ಇವು ನಾಲ್ಕು ತಟ್ಟೆ. ನಾಲ್ಕು ತೂಕ ಬರಬೇಕು. ಬತ್ತವನ್ನು ಬೇಯಿಸಿ ಒಣಗಿಸಿ ಕುಟ್ಟಿದ ಕುಚ್ಚಲಕ್ಕಿಯಲ್ಲಿ ಬೆರಿಬೆರಿಯನ್ನು ತಡೆಯುವ ಜೀವಸತ್ತ್ವ ಕಾಳಿನ ಒಳಕ್ಕೆ ಇಳಿದು ಉಳಿಯುತ್ತದೆ. ಆ ರೋಗ ಆಂಧ್ರದ ಕರಾವಳಿಯಲ್ಲಿ ಗಿರಣಿಯ ಹಸಿ ಬೆಳ್ತಿಗೆ ಅಕ್ಕಿ ಉಣ್ಣುವವರನ್ನು ಹಿಡಿದು, ಕುಚ್ಚಲಕ್ಕಿ ಉಣ್ಣುವವರನ್ನು ಬಿಟ್ಟದ್ದನ್ನು ಕಂಡುಕೊಂಡವರೂ ಕೂನೂರಿನವರೇ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಗಿಲಾದ ಸುಣ್ಣಾಂಶ. ಅಷ್ಟೇ ಬಿಳಿ ಅಕ್ಕಿಯಲ್ಲಿ 10ರ ಆಸುಪಾಸು. ಹೀಗಿರುವಾಗ ಇಡೀ ಕನ್ನಡನಾಡು ಒಂದು ಪಂಜರದಲ್ಲಿ ಹೇಗೆ ಹಿಡಿದೀತು? ಪಂಜಾಬಿನಲ್ಲಿಯೂ ಹಾಗೆಯೇ. ಎಮ್ಮೆ ಕಟ್ಟಿದ ಜಮೀನುದಾರನ ಊಟ ಅದು. ಅವನ ಹೊಲ ಕೊಯ್ಯುವ ಕೂಲಿಯವನ ತಟ್ಟೆಗೆ ಬೆಣ್ಣೆ ಎಲ್ಲಿಂದ ಬರಬೇಕು?

ಒಂದೇ ಮನೆಯಲ್ಲಿಯೂ ಎರಡು ಪಂಜರಗಳಿರುತ್ತವೆ ಎಂಬುದನ್ನು ಹೇಳದೆ ಹೋದರೆ ಈ ಬರೆಹ ಅರ್ಧವಾಗುತ್ತದೆ. ನಾನು ಹುಟ್ಟಿದ ಹಳ್ಳಿಗೆ ಅಕ್ಕಿಯ ಗಿರಣಿ ಬಂದದ್ದು ನನಗೆ ನೆನಪಿರುವ ಕಾಲದಲ್ಲಿಯೇ. ಅದಕ್ಕೆ ಮುಂಚೆ ನಮ್ಮಲ್ಲಿ ಒನಕೆಯಿಂದ ಕುಟ್ಟಿದ ಕೊಟ್ಟಣದ ಅಕ್ಕಿ, ಅದೂ ಹಬ್ಬಕ್ಕೆ, ನೆಂಟರಿಗೆ. ದಿನದ ಊಟ ಮುದ್ದೆ. ಗಿರಣಿ ಬಂದು ನಾಲ್ಕು ಕಾಸು ಓಡಾಡಿದ ಮೇಲೆ ನಮ್ಮ ಮನೆಯಲ್ಲಿ ಮಲ್ಲಿಗೆಯಂಥ ಅನ್ನ ದಿನವೂ ಬೇಯತೊಡಗಿತು. ಮುದ್ದೆ ಆಳುಗಳ ಪಾಲಾಯಿತು. ಮೊದಲು ನಮ್ಮ ತಂದೆ, ಚಿಕ್ಕಪ್ಪಂದಿರು, ಆಮೇಲೆ ಗಂಡುಮಕ್ಕಳು, ಆಮೇಲೆ ಅಕ್ಕಂದಿರು, ಎಲ್ಲರ ಊಟ ಮುಗಿದ ಮೇಲೆ ನಮ್ಮ ತಾಯಿ. ಹಾಲು ತಂದೆಯವರ ಕಾಫಿಗೂ ನಮ್ಮ ಲೋಟಕ್ಕೂ ಮುಗಿಯುತ್ತಿತ್ತು. ಕೆನೆ ಮೊಸರು ಮೊದಲ ಪಂಕ್ತಿಗೆ. ನಮ್ಮ ತಾಯಿಗೆ ಉಳಿಯುತ್ತಿದ್ದದ್ದು ತಳದ ಅನ್ನ, ಬೇಳೆಯೆಲ್ಲ ಹೋದ ಮೇಲಿನ ತಿಳಿಸಾರು, ನೀರಿನಂಥ ಮಜ್ಜಿಗೆ. ರಾಗಿ ಇದ್ದ ಮನೆಯಲ್ಲಿ ರಾಗಿ ಉಣ್ಣುವುದು ಮರ್ಯಾದೆಗೆ ಕಡಮೆಯೆಂದು ಬಿಟ್ಟವಳು ಆಕೆಯೇ. ಬೇರೆ ಯಾರೂ ಬಿಡಿಸಲಿಲ್ಲ. ಆಕೆಗೆ ನಲವತ್ತು ತುಂಬುವುದರೊಳಗೆ ಹಲ್ಲುಗಳು ಉದುರಿದ್ದವು. ನನ್ನ ಹಿಂದೆ ಹುಟ್ಟಿದ ಇಬ್ಬರು ಮಕ್ಕಳು ವರ್ಷ ತುಂಬುವ ಮೊದಲೇ ಹೋದವು. ಅದನ್ನು ಹಣೆಬರಹ ಎಂದರು, ಬಾಲಗ್ರಹ ಎಂದರು. ಕಾರಣ ಇಂಥದೇ ಎಂದು ಇಷ್ಟು ವರ್ಷದ ಮೇಲೆ ನಾನು ಹೇಳಹೊರಟರೆ ಅದೂ ಮೂರ್ಖತನವೇ. ಆದರೆ ಮೆಕ್ಯಾರಿಸನ್ನನ ವರದಿಯಲ್ಲಿ, ಸಾವಿರಾರು ಇಲಿಗಳಲ್ಲಿ ಬಾಣಂತಿಯರೂ ಸಾಯಲಿಲ್ಲ, ಮರಿಗಳೂ ಸಾಯಲಿಲ್ಲ ಎಂಬ ಸಾಲನ್ನು ಓದಿದಾಗ ನಾನು ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟೆ.

ಬ್ರಿಟಿಷರ ತಟ್ಟೆಯನ್ನೂ ಮೆಕ್ಯಾರಿಸನ್ ಬಿಡಲಿಲ್ಲ ಎಂಬುದನ್ನು ಹೇಳಲೇಬೇಕು. ಇಂಗ್ಲೆಂಡಿನ ಬಡವರು ತಿನ್ನುವ ಬಿಳಿಯ ಬ್ರೆಡ್ಡು, ಮಾರ್ಗರೀನು, ಡಬ್ಬಿಯ ಮಾಂಸ, ಬೇಯಿಸಿ ಸತ್ತ ತರಕಾರಿ, ಜ್ಯಾಮು, ಸಕ್ಕರೆ ಹಾಕಿದ ಚಹ, ಇವನ್ನು ಒಂದು ಗುಂಪಿಗೆ ತಿನ್ನಿಸಿ ನೋಡಿದ. ಅವು ಬೆಳೆಯಲಿಲ್ಲವೆಂಬುದು ಹಾಗಿರಲಿ. ಸಿಡುಕು ಸ್ವಭಾವದವಾದವು, ಊಟ ಹಾಕುವವರನ್ನೇ ಕಚ್ಚಿದವು, ಅರುವತ್ತನೆಯ ದಿನದ ವೇಳೆಗೆ ತಮ್ಮಲ್ಲಿಯೇ ಬಡಕಲಾದವನ್ನು ಕೊಂದು ತಿನ್ನತೊಡಗಿದವು. ಪಕ್ಕದಲ್ಲಿ ಸಿಖ್ಖ ಊಟದ ಇಲಿಗಳು ಸೌಹಾರ್ದದಿಂದ ಬಾಳುತ್ತಿದ್ದವಂತೆ.

ಇಲಿಯ ಮಾತನ್ನೆಲ್ಲ ಮನುಷ್ಯನಿಗೆ ಹಾಗೆಯೇ ಅನ್ವಯಿಸಲಾಗದು. ಇಲಿ ತನಗೆ ಬೇಕಾದ ‘ಸಿ’ ಜೀವಸತ್ತ್ವವನ್ನು ತನ್ನ ಮೈಯಲ್ಲಿಯೇ ತಯಾರಿಸಿಕೊಳ್ಳುತ್ತದೆ. ನಮಗೆ ಆ ಶಕ್ತಿಯಿಲ್ಲ, ನಿಂಬೆ ನೆಲ್ಲಿಗಳನ್ನೇ ಆಶ್ರಯಿಸಬೇಕು. ಇನ್ನು ತೂಕವನ್ನೇ ಆರೋಗ್ಯವೆಂದು ತಿಳಿಯುವುದೂ ಅಪಾಯ. 1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮೆಕ್ಕೇ ಎಂಬವರು, ಜೀವಸತ್ತ್ವಗಳಿಗೆ ಕೊರತೆ ಮಾಡದೆ ಒಟ್ಟು ಊಟವನ್ನು ಮಾತ್ರ ಕಡಮೆ ಮಾಡಿದರೆ ಇಲಿ ಸಣ್ಣದಾಗಿದ್ದರೂ ಹೆಚ್ಚು ಕಾಲ ಬದುಕುತ್ತದೆ ಎಂದು ತೋರಿಸಿದರು. ನಮ್ಮ ನಡುಮನೆಯ ಬದನೆಕಾಯಿಗಳೇ ಅದಕ್ಕೆ ಎದುರು ಉದಾಹರಣೆ. ಇವು 235ನ್ನು ದಾಟಿ ಎಷ್ಟೋ ಮುಂದೆ ಹೋಗಿದ್ದವು; ಆದರೆ ಏಣಿ ಹತ್ತಲಾರವು.

1935ರಲ್ಲಿ ಮೆಕ್ಯಾರಿಸನ್ ನಿವೃತ್ತನಾದ. ಅವನ ಜಾಗಕ್ಕೆ ಬಂದ ಏಕ್ರಾಯ್ಡ್ ಬೇರೆ ಜಾಯಮಾನದವರು. ಕೊರತೆಯನ್ನು ತೋರಿಸಿದ್ದಾಯಿತು, ಬಡವನ ಅನ್ನಕ್ಕೆ ಕಡಮೆ ಖರ್ಚಿನಲ್ಲಿ ಏನು ಸೇರಿಸಬಹುದು ಎಂಬುದು ಅವರ ಪ್ರಶ್ನೆ. ಬೆಣ್ಣೆ ತೆಗೆದ ಹಾಲನ್ನು ಬಡ ಊಟಕ್ಕೆ ಸೇರಿಸಿದಾಗ ಇಲಿಗಳು ಚೇತರಿಸಿಕೊಂಡವು. ವಿದ್ಯಾರ್ಥಿನಿಲಯಗಳ ಮಕ್ಕಳಿಗೆ ಕೊಟ್ಟು ನೋಡಿದಾಗ ಅವರೂ ಎತ್ತರ, ತೂಕಗಳಲ್ಲಿ ಮುಂದುವರಿದರು. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತಾಗ, ಅದರ ವಿಚಾರಣೆಗೆ ನೇಮಿಸಿದ ಆಯೋಗದಲ್ಲಿ ಏಕ್ರಾಯ್ಡ್ ಒಬ್ಬ ಸದಸ್ಯರಾಗಿದ್ದರು. ಯಾವ ಊಟ ಉತ್ತಮ ಎಂಬ ಪ್ರಶ್ನೆಯೇ ಅಲ್ಲಿ ಇರಲಿಲ್ಲ. ನಮ್ಮ ದೇಶದ ಪ್ರಥಮ ಮಹಿಳಾ ವಿಜ್ಞಾನಿಗಳಲ್ಲಿ ಒಬ್ಬರಾದ ಕಮಲಾ ಸೊಹೋನಿ, ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ಪ್ರವೇಶಕ್ಕಾಗಿ ಹೋರಾಡಿ ಕಲಿತವರು, ಕೆಲವು ವರ್ಷ ಕೂನೂರಿನಲ್ಲಿ ಕೆಲಸ ಮಾಡಿದರು. ಸಂಶೋಧನಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು. 1969ರಿಂದ ಅದಕ್ಕೆ ರಾಷ್ಟ್ರೀಯ ಪುಷ್ಟಿ ಸಂಸ್ಥೆಯೆಂದು ಹೆಸರು. ಮೆಕ್ಯಾರಿಸನ್ ತೀರಿಕೊಂಡದ್ದು 1960ರಲ್ಲಿ.

ನಮ್ಮ ರಾಜ್ಯದ ಶಾಲೆಗಳಲ್ಲಿ 2013ರಲ್ಲಿ ಮಕ್ಕಳಿಗೆ ಹಾಲು ಕೊಡುವ ಯೋಜನೆ ಬಂದಾಗ ಕೂನೂರನ್ನು ನೆನೆದವರು ಎಷ್ಟು ಮಂದಿಯೋ. ರಾಗಿಗೆ ಈಗ ಶುಕ್ರದೆಸೆ. 2023ನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯಗಳ ವರ್ಷವೆಂದು ಸಾರಿತು. ನಮ್ಮ ತಾಯಿ ಆಳುಗಳಿಗೆ ಬಡಿಸುತ್ತಿದ್ದ ಮುದ್ದೆಗೆ ದೊಡ್ಡ ಹೋಟೆಲುಗಳಲ್ಲಿ ಅನ್ನಕ್ಕಿಂತ ಹೆಚ್ಚು ದುಡ್ಡು ಎಣಿಸಬೇಕು.

ಇಷ್ಟನ್ನೂ ಒಂದು ಸಂಜೆ ಮೊಮ್ಮಗನಿಗೆ ಹೇಳಿದೆ. ಅವನಿಗೆ ಅಡಿಕೆ ತಿನ್ನುವ ಇಲಿಯ ಸಂಗತಿ ಬಹಳ ಹಿಡಿಸಿತು. ಅಡಿಗೆಮನೆಯ ತಕ್ಕಡಿಯನ್ನು ತಂದು ಎರಡು ಇಲಿಗಳನ್ನೂ ತೂಗಿ, ನೋಟ್‌ಪುಸ್ತಕದಲ್ಲಿ ಬರೆದುಕೊಂಡ. ಈಗ ಪ್ರತಿ ಭಾನುವಾರ ತೂಗುತ್ತಾನೆ. ಬೆಳಗ್ಗೆ ಒಂದು ಗೋಲಿಯಷ್ಟು ಮುದ್ದೆ, ಮೊಳಕೆ ಬಂದ ಹೆಸರುಕಾಳು ಬೇಯಿಸಿದ್ದು, ಸೊಪ್ಪು. ಸಂಜೆ ಒಂದು ಚೂರು ಗಜ್ಜರಿ ಅಥವಾ ಸೌತೆಕಾಯಿ. ಸಿಹಿ ಸೋಮವಾರ ಮಾತ್ರ, ಅದೂ ಎರಡು ದ್ರಾಕ್ಷಿ. ನಾಲ್ಕು ತಿಂಗಳಲ್ಲಿ ಎರಡೂ ಇಳಿದಿವೆ. ದೊಡ್ಡದು ಹೋದ ವಾರ ಏಣಿಯ ಮೂರನೆಯ ಮೆಟ್ಟಿಲಿನವರೆಗೆ ಹೋಗಿ ಕೆಳಗೆ ನೋಡಿತು.

ಮೊನ್ನೆ ರಾತ್ರಿ ನಾವು ಗಂಡಸರು ಊಟ ಮುಗಿಸಿ ಎದ್ದಿದ್ದೆವು. ಹುಡುಗ ನೋಟ್‌ಪುಸ್ತಕ ಹಿಡಿದುಕೊಂಡು ಅಡಿಗೆಮನೆಗೆ ಹೋಗಿ, “ಅಜ್ಜಿ, ನೀನು ಇವತ್ತು ಏನೇನು ತಿಂದೆ?” ಎಂದು ಕೇಳಿದ.

“ನನ್ನದಿರಲಿ, ಹೋಗೋ” ಎಂದಳು ಆಕೆ.

ಹುಡುಗ ಹೋಗಲಿಲ್ಲ. ಪೆನ್ಸಿಲ್ ಹಿಡಿದು ಅಲ್ಲೇ ನಿಂತ. ನಾನು ಎದ್ದು ಹೋಗಿ ಮೊಸರಿನ ಪಾತ್ರೆಯನ್ನು ನೋಡಿದೆ; ಅದು ಆಗಲೇ ಖಾಲಿಯಾಗಿತ್ತು.